ಕೆಟ್ಟಿದ್ದು ಬ್ಯಾಟರಿ ಅಲ್ಲ: ಮನೆಯಲ್ಲೇ ಮಾಡಿದ ದೀಪದ ಬೋರ್ಡಿನಲ್ಲಿ ದೋಷ ಹುಡುಕುವುದು ಹೇಗೆ?



"ಸಿಸ್ಟರ್, ನಿಮ್ಮ ದೀಪ ಮತ್ತೆ ಕೈ ಕೊಡ್ತು ನೋಡಿ. ಮಗೀಗೆ ಇನ್ನು ಹದಿನೈದು ದಿನಕ್ಕೆ ಪರೀಕ್ಷೆ."

ಹಳೇಬೀಡಿನ ಹತ್ತಿರದ ಒಂದು ಹಳ್ಳಿಯಲ್ಲಿ ಸಂಘದ ಸಭೆ ಮುಗಿಸಿ ಹೊರಡುವಾಗ ಒಬ್ಬ ತಾಯಿ ಹೀಗೆ ಹೇಳಿ ಕೈಚೀಲದಿಂದ ಒಂದು ಎಮರ್ಜೆನ್ಸಿ ಲ್ಯಾಂಪ್ ತೆಗೆದು ನನ್ನ ಮುಂದೆ ಇಟ್ಟರು. ಅದು ಅಂಗಡಿಯಿಂದ ತಂದದ್ದಲ್ಲ. ಅದೇ ಊರಿನ ಐಟಿಐ ಓದಿದ ಒಬ್ಬ ಹುಡುಗಿ ತನ್ನ ಕೈಯಾರೆ ಬೆಸುಗೆ ಹಾಕಿ ಮಾಡಿಕೊಟ್ಟದ್ದು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದಲ್ಲೆಲ್ಲ ಕರೆಂಟಿನ ಅಭಾವ ಆಗಿತ್ತಲ್ಲ, ಆಗ ಸಂಜೆ ಹೊತ್ತು ಮಕ್ಕಳ ಓದಿಗೆ ತೊಂದರೆ ಆಗದಿರಲಿ ಎಂದು ಸಂಘದ ಕೆಲವರು ಅವಳಿಂದ ದೀಪ ಮಾಡಿಸಿಕೊಂಡಿದ್ದರು.

ಆ ತಾಯಿಯ ದೀಪ ಒಂದು ಸಲ ಕೆಟ್ಟಿತ್ತು. "ಬ್ಯಾಟರಿ ಹೋಗಿದೆ, ಹೊಸದು ಹಾಕಿ" ಎಂದು ಹೇಳಿದವಳು ನಾನೇ. ಅವರು ಸಂಘದಿಂದ ಸಾಲ ಎತ್ತಿ ಐನೂರಕ್ಕೂ ಮೇಲೆ ಕೊಟ್ಟು ಹೊಸ ಬ್ಯಾಟರಿ ಹಾಕಿಸಿದರು. ಎರಡು ತಿಂಗಳಿಗೆ ಅದೂ ಸತ್ತಿತು. ಊರಲ್ಲಿ ಮಾತು ಶುರುವಾಯಿತು: "ಹುಡುಗಿ ಮಾಡಿದ್ದು ಎಷ್ಟು ದಿನ ಬಾಳೀತು? ದುಡ್ಡು ಹೊಳೆಗೆ ಹಾಕಿದ ಹಾಗಾಯ್ತು." ಆ ಹುಡುಗಿ ಸಭೆಗೆ ಬರುವುದನ್ನೇ ಬಿಟ್ಟಳು.

ಕೊನೆಗೆ ಗೊತ್ತಾದದ್ದು ಏನು? ಬ್ಯಾಟರಿಯದ್ದು ತಪ್ಪಲ್ಲ. ಹತ್ತು ರೂಪಾಯಿಯೊಳಗೆ ಸಿಗುವ ಒಂದು ಚಿಕ್ಕ ಬಿಡಿಭಾಗ ಒಣಗಿ ಹೋಗಿತ್ತು. ಅದನ್ನು ಹೇಗೆ ಕಂಡುಹಿಡಿದೆವು ಎನ್ನುವುದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ನಾನು ಎಂಜಿನಿಯರ್ ಅಲ್ಲ, ಸಮಾಜಕಾರ್ಯ ಓದಿದವಳು. ಆ ಹುಡುಗಿಯ ಪಕ್ಕ ಕೂತು ಕಲಿತದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಬೋರ್ಡಿನಲ್ಲಿ ಏನೇನಿದೆ?

ಮೊದಲು ಬೋರ್ಡನ್ನು ಪರಿಚಯ ಮಾಡಿಕೊಳ್ಳೋಣ. ಮನೆಯವರ ಹೆಸರೇ ತಿಳಿಯದೆ ಮನೆಯ ಜಗಳ ಬಿಡಿಸಲು ಆಗುವುದಿಲ್ಲ.

• ಟ್ರಾನ್ಸ್‌ಫಾರ್ಮರ್: ಗೋಡೆಯ 230 ವೋಲ್ಟನ್ನು 9 ವೋಲ್ಟಿಗೆ ಇಳಿಸುತ್ತದೆ.

• ನಾಲ್ಕು ಡಯೋಡ್‌ಗಳು (ಒನ್ ಎನ್ 4007): ಹಿಂದೆ ಮುಂದೆ ಹರಿಯುವ ಎಸಿ ಕರೆಂಟನ್ನು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ಡಯೋಡ್ ಎಂದರೆ ಒಂದೇ ಕಡೆ ತೆರೆಯುವ ಬಾಗಿಲು.

• ಕೆಪಾಸಿಟರ್ (1000 ಮೈಕ್ರೋಫ್ಯಾರಡ್, 25 ವೋಲ್ಟ್): ಹಳೆಯ ಮೆಕ್ಯಾನಿಕ್‌ಗಳು ಇದನ್ನು ಕಂಡೆನ್ಸರ್ ಎನ್ನುತ್ತಾರೆ. ಡಯೋಡ್‌ಗಳಿಂದ ಕರೆಂಟು ಅಲೆ ಅಲೆಯಾಗಿ ಬರುತ್ತದೆ. ಇದು ಮನೆಯ ನೀರಿನ ತೊಟ್ಟಿಯ ಹಾಗೆ ತುಂಬಿಕೊಂಡು, ಅಲೆ ತಗ್ಗಿದಾಗ ತನ್ನಲ್ಲಿದ್ದುದನ್ನು ಕೊಟ್ಟು ಸಮ ಮಾಡುತ್ತದೆ.

• ಎಲ್‌ಎಂ 317: ಮೂರು ಕಾಲಿನ ರೆಗ್ಯುಲೇಟರ್. ಬ್ಯಾಟರಿಗೆ ಎಷ್ಟು ಬೇಕೋ ಅಷ್ಟೇ ವೋಲ್ಟ್ ಬಿಡುತ್ತದೆ. ಇದರ ಮುಂದೆ ಇನ್ನೊಂದು ಡಯೋಡ್ ಇದೆ, ಬ್ಯಾಟರಿಯ ಕರೆಂಟು ಹಿಂದಕ್ಕೆ ಹೋಗದಂತೆ ತಡೆಯಲು.

• 6 ವೋಲ್ಟ್ ಬ್ಯಾಟರಿ.

• ಬಿಡಿ 140 ಟ್ರಾನ್ಸಿಸ್ಟರ್: ಇದು ಕಾವಲುಗಾರ. ಕರೆಂಟು ಇರುವವರೆಗೆ ದೀಪ ಹತ್ತಲು ಬಿಡುವುದಿಲ್ಲ. ಕರೆಂಟು ಹೋದ ಕೂಡಲೇ ಬ್ಯಾಟರಿಯಿಂದ ಎಲ್‌ಇಡಿಗಳಿಗೆ ದಾರಿ ಬಿಡುತ್ತದೆ.

• ಬಿಳಿ ಎಲ್‌ಇಡಿಗಳು, ಬಣ್ಣದ ಪಟ್ಟಿ ಇರುವ ರೆಸಿಸ್ಟರ್‌ಗಳು.

ಮುಟ್ಟುವ ಮೊದಲು ಎಚ್ಚರಿಕೆ

ದಯವಿಟ್ಟು ಈ ಭಾಗವನ್ನು ಬಿಟ್ಟು ಮುಂದೆ ಹೋಗಬೇಡಿ.

1. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಿ. ಹಳೆಯ ಮನೆಗಳಲ್ಲಿ ವೈರಿಂಗ್ ಅದಲುಬದಲಾಗಿ, ಸ್ವಿಚ್ ಆರಿಸಿದರೂ ತಂತಿಯಲ್ಲಿ ಕರೆಂಟು ಉಳಿದಿರುತ್ತದೆ.

2. ಟ್ರಾನ್ಸ್‌ಫಾರ್ಮರ್‌ಗೆ 230 ವೋಲ್ಟ್ ಬರುವ ಕಡೆಗೆ ಟೇಪ್ ಸುತ್ತಿ ಮುಚ್ಚಿ. ಪ್ಲಗ್ ಹಾಕಿ ಅಳೆಯುವಾಗ ಚಪ್ಪಲಿ ಇರಲಿ, ನೆಲ ಒಣಗಿರಲಿ, ಪಕ್ಕದಲ್ಲಿ ಇನ್ನೊಬ್ಬರು ಇರಲಿ.

3. ಲೋಹದ ಬಳೆ, ಉಂಗುರ, ಸರ ತೆಗೆದಿಡಿ. ಬ್ಯಾಟರಿ ಆರೇ ವೋಲ್ಟ್ ಇರಬಹುದು, ಆದರೆ ಅದರ ಎರಡು ತುದಿಗೆ ಲೋಹ ತಾಗಿದರೆ ಕೆಂಪಗೆ ಕಾದು ಸುಟ್ಟುಬಿಡುತ್ತದೆ.

4. ಟ್ರಾನ್ಸ್‌ಫಾರ್ಮರ್ ಮೊದಲಿಗೇ ಇಲ್ಲದ ಬೋರ್ಡು, ಅಂದರೆ ಅಂಗಡಿಯ ಎಲ್‌ಇಡಿ ಬಲ್ಬು, ಟಿವಿ, ಮೊಬೈಲ್ ಚಾರ್ಜರ್ ಇಂಥವನ್ನು ಹೊಸಬರು ಬಿಚ್ಚಬೇಡಿ. ಅಲ್ಲಿ 230 ವೋಲ್ಟ್ ನೇರವಾಗಿ ಬೋರ್ಡಿಗೇ ಬಂದು, ಕೆಪಾಸಿಟರ್‌ನಲ್ಲಿ 320ಕ್ಕೂ ಹೆಚ್ಚು ವೋಲ್ಟ್ ತುಂಬಿರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದೆ. ಜೀವಕ್ಕೇ ಅಪಾಯ.

5. ಬೇಲೂರು ಕಡೆಯ ರೈತ ಬಂಧುಗಳಿಗೆ ಒಂದು ಮಾತು. ಆನೆ ಕಾಟ ಎಂದು ಬೇಲಿಗೆ ಮನೆಯ ಕರೆಂಟು ಬಿಡುವ ಕೆಲಸಕ್ಕೆ ಈ ವಿದ್ಯೆ ಬಳಸಬೇಡಿ. ಅದು ಅಪರಾಧ. ಆನೆಯೂ ಸಾಯುತ್ತದೆ, ಹುಲ್ಲು ತರಲು ಹೋದ ನಮ್ಮವರೂ ಸಾಯುತ್ತಾರೆ.

ಮೊದಲ ಹಂತ: ಕೇಳಿ

ಮೀಟರ್ ಹಿಡಿಯುವ ಮೊದಲು ದೀಪ ಬಳಸುವವರನ್ನು ಕೇಳಬೇಕು. ನಾನು ತಪ್ಪಿದ್ದು ಇಲ್ಲೇ. ಮೊದಲ ಸಲ ದೀಪ ಕೆಟ್ಟಾಗಲೇ ಆ ತಾಯಿ ಒಂದು ಮಾತು ಹೇಳಿದ್ದರು: "ಕರೆಂಟ್ ಇದ್ದಾಗ್ಲೂ ಒಳಗೆ ಮಿಣಮಿಣ ಅಂತ ಉರೀತಾ ಇರ್ತದೆ ಸಿಸ್ಟರ್." ನಾನು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಓದು ಬರಹ ಇಲ್ಲದವರು, ಇವರಿಗೇನು ಗೊತ್ತು ಎಂಬ ಭಾವನೆ ನನ್ನೊಳಗೂ ಎಲ್ಲೋ ಇದ್ದಿರಬೇಕು. ಆದರೆ ಇಡೀ ರೋಗದ ಗುಟ್ಟು ಆ ಒಂದು ಮಾತಿನಲ್ಲೇ ಇತ್ತು. ಅದು ಹೇಗೆ ಎಂದು ಮುಂದೆ ಹೇಳುತ್ತೇನೆ.

ಕೇಳಬೇಕಾದ ಪ್ರಶ್ನೆಗಳು ಇವು: ಯಾವಾಗಿನಿಂದ ಹೀಗೆ? ಒಮ್ಮೆಗೇ ನಿಂತಿತೋ, ದಿನದಿನಕ್ಕೆ ಮಂಕಾಯಿತೋ? ಕೆಳಗೆ ಬಿದ್ದಿತ್ತೇ? ಸಿಡಿಲು ಬಂದಿತ್ತೇ? ಸುಟ್ಟ ವಾಸನೆ ಬಂದಿತ್ತೇ? ಮಧ್ಯೆ ಯಾರಾದರೂ ರಿಪೇರಿ ಮಾಡಿದ್ದರೇ?

ಎರಡನೆಯ ಹಂತ: ಕಣ್ಣು, ಮೂಗು, ಬೆರಳು

ಪ್ಲಗ್ ಕಿತ್ತು, ಬ್ಯಾಟರಿಯ ತಂತಿ ಬಿಡಿಸಿ, ಬೋರ್ಡನ್ನು ಹಗಲು ಬೆಳಕಿನಲ್ಲಿ ನೋಡಿ. ಕಪ್ಪಾದ ರೆಸಿಸ್ಟರ್, ತಲೆ ಉಬ್ಬಿದ ಕೆಪಾಸಿಟರ್, ಅದರ ಬುಡದಲ್ಲಿ ಕಂದು ಕಲೆ, ಹಸಿರು ಕಿಲುಬು ಹಿಡಿದ ತಂತಿ ಇವೆಲ್ಲ ತಾವಾಗಿಯೇ ಮಾತಾಡುತ್ತವೆ.

ಮನೆಯಲ್ಲಿ ಮಾಡಿದ ಬೋರ್ಡಿನಲ್ಲಿ ಹೆಚ್ಚಾಗಿ ಕೆಡುವುದು ಬಿಡಿಭಾಗವಲ್ಲ, ಬೆಸುಗೆ. ಒಳ್ಳೆಯ ಬೆಸುಗೆ ಹೊಳೆಯುತ್ತಾ ಕಾಲಿನ ಸುತ್ತ ಇಳಿಜಾರಾಗಿ ಅಂಟಿಕೊಂಡಿರುತ್ತದೆ. ಕಾವು ಸಾಲದೆ ಹಾಕಿದ ಬೆಸುಗೆ ಮಂಕಾಗಿ ಗೋಲಿಯಂತೆ ಕೂತಿರುತ್ತದೆ. ಕಾಲಿನ ಸುತ್ತ ಕೂದಲೆಳೆಯಂಥ ಉಂಗುರ ಕಂಡರೆ ಅಲ್ಲಿ ಬಿರುಕು ಬಿಟ್ಟಿದೆ ಎಂದು ಅರ್ಥ. ಅಂಥ ಕಡೆ ಸಾಲ್ಡರಿಂಗ್ ಐರನ್ ಇಟ್ಟು ಮತ್ತೊಮ್ಮೆ ಕರಗಿಸಿದರೆ ಎಷ್ಟೋ ಬೋರ್ಡುಗಳಿಗೆ ಜೀವ ಬರುತ್ತದೆ.

ಸ್ಥಳದ ಗುಣವನ್ನೂ ನೋಡಿ. ಬೇಲೂರು ಕಡೆ ಮಳೆ, ಶೀತ ಹೆಚ್ಚು. ಅಲ್ಲಿ ಕಿಲುಬಿನ ಕಾಟ. ಅರಸೀಕೆರೆ ಕಡೆ ಬಿಸಿಲು, ಧೂಳು. ಅಲ್ಲಿ ಕಾವಿನಿಂದ ಕೆಡುವುದು ಹೆಚ್ಚು. ಹಂಚಿನ ಮನೆಯಾದರೆ ಎಲ್ಲ ಕಡೆಯೂ ಇರುವೆ, ಹಲ್ಲಿ ಪೆಟ್ಟಿಗೆಯೊಳಗೆ ಸೇರುತ್ತವೆ. ಇದು ನಮ್ಮ ಹಳ್ಳಿಯ ತೊಂದರೆ ಮಾತ್ರ ಎಂದುಕೊಳ್ಳಬೇಡಿ. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ 2 ಎಂಬ ದೊಡ್ಡ ಲೆಕ್ಕದ ಯಂತ್ರ ನಿಂತುಹೋದಾಗ, ಅದರ ರಿಲೇ ಒಂದರಲ್ಲಿ ಪತಂಗದ ಹುಳು ಸಿಕ್ಕಿಕೊಂಡಿತ್ತು. ಆ ಹುಳುವನ್ನು ಅವರು ದಿನಚರಿ ಪುಸ್ತಕಕ್ಕೆ ಅಂಟಿಸಿ ಬರೆದಿಟ್ಟರು.

ನಮ್ಮ ದೀಪದ ಬೋರ್ಡಿನಲ್ಲಿ ಇಷ್ಟೆಲ್ಲ ನೋಡಿದರೂ ಏನೂ ಕಾಣಲಿಲ್ಲ. ಬೆಸುಗೆ ಚೆನ್ನಾಗಿತ್ತು. ಹುಡುಗಿಯ ಕೈ ಒಳ್ಳೆಯದೇ.

ಮೂರನೆಯ ಹಂತ: ಕಾಲುವೆಯ ಲೆಕ್ಕ

ಕೆರೆಯ ನೀರು ಗದ್ದೆಗೆ ಬರಲಿಲ್ಲ ಎಂದರೆ ಏನು ಮಾಡುತ್ತೇವೆ? ತೂಬಿನಿಂದ ಗದ್ದೆಯವರೆಗೆ ಕಾಲುವೆಯ ಮೇಲೆ ನಡೆಯುತ್ತೇವೆ. ನೀರು ಎಲ್ಲಿಯವರೆಗೆ ಇದೆ, ಎಲ್ಲಿಂದ ಇಲ್ಲ ಎಂದು ನೋಡುತ್ತೇವೆ. ತೊಡಕು ಆ ಎರಡರ ನಡುವೆ ಇರುತ್ತದೆ. ಜಾಣರು ತೂಬಿನಿಂದ ನಡೆಯುವುದಿಲ್ಲ, ನೇರವಾಗಿ ಕಾಲುವೆಯ ಅರ್ಧಕ್ಕೇ ಹೋಗುತ್ತಾರೆ. ಅಲ್ಲಿ ನೀರಿದ್ದರೆ ತೊಡಕು ಕೆಳಗಿನ ಅರ್ಧದಲ್ಲಿ, ಇಲ್ಲದಿದ್ದರೆ ಮೇಲಿನ ಅರ್ಧದಲ್ಲಿ. ಬೋರ್ಡಿನಲ್ಲೂ ಇದೇ ಲೆಕ್ಕ.

ಇದಕ್ಕೆ ಒಂದು ಡಿಜಿಟಲ್ ಮಲ್ಟಿಮೀಟರ್ ಬೇಕು. ಕಪ್ಪು ತಂತಿ ಕಾಮನ್ ತೂತಿಗೆ, ಕೆಂಪು ತಂತಿ ವೋಲ್ಟ್ ತೂತಿಗೆ ಇರಲಿ. ಕೆಂಪು ತಂತಿ 10 ಆಂಪಿಯರ್ ತೂತಿನಲ್ಲಿ ಇದ್ದಾಗ ವೋಲ್ಟ್ ಅಳೆಯಲು ಹೋದರೆ ಶಾರ್ಟ್ ಆಗುತ್ತದೆ, ಜೋಕೆ.

ಸರಿಯಾಗಿರುವ ದೀಪದಲ್ಲಿ ಪ್ಲಗ್ ಹಾಕಿದಾಗ ಹೀಗಿರಬೇಕು:

ಟ್ರಾನ್ಸ್‌ಫಾರ್ಮರ್‌ನಿಂದ ಹೊರಗೆ: ಸುಮಾರು 9 ವೋಲ್ಟ್ (ಎಸಿ ಗುರುತಿಗೆ ತಿರುಗಿಸಿ)

ಕೆಪಾಸಿಟರ್‌ನ ಎರಡು ಕಾಲಿನ ನಡುವೆ: 11ರಿಂದ 13 ವೋಲ್ಟ್ (ಡಿಸಿ)

ರೆಗ್ಯುಲೇಟರ್‌ನಿಂದ ಹೊರಗೆ: ಸುಮಾರು 7.5 ವೋಲ್ಟ್ (ಡಿಸಿ)

ತುಂಬಿದ ಬ್ಯಾಟರಿಯ ಮೇಲೆ, ಚಾರ್ಜ್ ಆಗುತ್ತಿರುವಾಗ: ಸುಮಾರು 6.8 ವೋಲ್ಟ್ (ಡಿಸಿ)

9 ವೋಲ್ಟ್ 11 ಹೇಗಾಯಿತು ಎಂದು ಕೇಳಬಹುದು. ಎಸಿಯ 9 ಎಂಬುದು ಒಂದು ಬಗೆಯ ಸರಾಸರಿ. ಅಲೆಯ ತುದಿ ಅದರ 1.414 ಪಟ್ಟು, ಅಂದರೆ 12.7. ಎರಡು ಡಯೋಡ್ ದಾಟುವಾಗ 1.4 ವೋಲ್ಟ್ ಕಳೆಯುತ್ತದೆ. ಉಳಿದದ್ದು 11.3. ಕೆಪಾಸಿಟರ್ ಆ ತುದಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಭಾರ ಕಡಿಮೆ ಇದ್ದಾಗ ಟ್ರಾನ್ಸ್‌ಫಾರ್ಮರ್ ಸ್ವಲ್ಪ ಹೆಚ್ಚೇ ಕೊಡುವುದರಿಂದ 12, 13 ಕೂಡ ಬರಬಹುದು.

ಹುಡುಗಿಯನ್ನು ಮನೆಗೆ ಹೋಗಿ ಕರೆದುಕೊಂಡು ಬಂದೆ. ಮೊದಮೊದಲು ಬರಲು ಒಪ್ಪಲಿಲ್ಲ. "ಬ್ಯಾಟರಿ ಎರಡು ಸಲ ಹೋಯ್ತು ಅಂದ್ರೆ ನಾನೇ ಏನೋ ತಪ್ಪು ಮಾಡಿದೀನಿ ಸಿಸ್ಟರ್" ಎಂದಳು. "ತಪ್ಪು ಆಗಿದ್ದರೆ ಹುಡುಕೋಣ, ಹುಡುಕದೆ ಯಾಕೆ ಹೊರಬೇಕು?" ಎಂದೆ. ಆ ತಾಯಿಯ ಮನೆಯ ಜಗಲಿಯ ಮೇಲೆ ಕೂತೆವು. ಅವಳು ಅರ್ಧದಿಂದಲೇ ಶುರು ಮಾಡಿದಳು. ಕೆಪಾಸಿಟರ್ ಮೇಲೆ ಮೀಟರ್ ಇಟ್ಟಾಗ 7 ವೋಲ್ಟ್ ತೋರಿಸಿತು. ಇರಬೇಕಾದದ್ದು 11ಕ್ಕೂ ಮೇಲೆ. ಹಿಂದಕ್ಕೆ ಹೋಗಿ ಟ್ರಾನ್ಸ್‌ಫಾರ್ಮರ್ ನೋಡಿದಳು. 9 ಸರಿಯಾಗಿತ್ತು. ಹಾಗಾದರೆ ದೋಷ ಡಯೋಡ್‌ಗಳಲ್ಲಿ, ಇಲ್ಲವೇ ಕೆಪಾಸಿಟರ್‌ನಲ್ಲಿ.

ನಾಲ್ಕನೆಯ ಹಂತ: ಬಿಡಿಸಿ ಪರೀಕ್ಷಿಸಿ

ಬಿಡಿಭಾಗ ಬೋರ್ಡಿನಲ್ಲಿ ಇರುವಾಗಲೇ ಅಳೆದರೆ ಅಕ್ಕಪಕ್ಕದವು ಸೇರಿಕೊಂಡು ಸುಳ್ಳು ಹೇಳಿಸುತ್ತವೆ. ಪ್ಲಗ್ ಕಿತ್ತು, ಬ್ಯಾಟರಿ ಬಿಡಿಸಿ, ಅನುಮಾನ ಬಂದ ಭಾಗದ ಒಂದು ಕಾಲನ್ನಾದರೂ ಬೆಸುಗೆಯಿಂದ ಬಿಡಿಸಬೇಕು.

• ಡಯೋಡ್: ಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ. ಬೆಳ್ಳಿ ಪಟ್ಟಿ ಇರುವ ಕಡೆ ಕಪ್ಪು, ಇನ್ನೊಂದು ಕಡೆ ಕೆಂಪು ಇಟ್ಟಾಗ 0.5ರಿಂದ 0.7 ಬರಬೇಕು. ತಿರುವಿ ಇಟ್ಟರೆ ಏನೂ ಬರಬಾರದು. ಎರಡೂ ಕಡೆ ಸೊನ್ನೆ ಬಂದರೆ ಶಾರ್ಟ್ ಆಗಿದೆ. ಎರಡೂ ಕಡೆ ಏನೂ ಬರದಿದ್ದರೆ ಒಳಗೆ ತುಂಡಾಗಿದೆ.

• ಬಿಡಿ 140: ಕಪ್ಪು ತಂತಿಯನ್ನು ಬೇಸ್ ಕಾಲಿಗೆ ಇಡಿ. ಕೆಂಪನ್ನು ಉಳಿದ ಎರಡು ಕಾಲಿಗೆ ಒಂದೊಂದಾಗಿ ಮುಟ್ಟಿಸಿದರೆ ಎರಡು ಸಲವೂ 0.6ರ ಹತ್ತಿರ ಬರಬೇಕು.

• ರೆಸಿಸ್ಟರ್: ಬಣ್ಣದ ಪಟ್ಟಿ ಹೇಳುವ ಓಮ್ ಬರುತ್ತದೆಯೇ ನೋಡಿ.

• ಕೆಪಾಸಿಟರ್: ಮೊದಲು ಒಂದು 100 ಓಮ್ ರೆಸಿಸ್ಟರನ್ನು ಅದರ ಎರಡು ಕಾಲಿಗೆ ಸ್ವಲ್ಪ ಹೊತ್ತು ಹಿಡಿದು ಖಾಲಿ ಮಾಡಿ. ನಂತರ ಮೀಟರನ್ನು ಓಮ್ ಗುರುತಿಗೆ ತಿರುಗಿಸಿ, ಪ್ಲಸ್ ಕಾಲಿಗೆ ಕೆಂಪು ಇಡಿ. ಒಳ್ಳೆಯದಾದರೆ ಅಂಕಿ ಕಡಿಮೆಯಿಂದ ಶುರುವಾಗಿ ಮೆಲ್ಲಗೆ ಏರುತ್ತದೆ, ಅಂದರೆ ತುಂಬಿಕೊಳ್ಳುತ್ತಿದೆ. ಮೊದಲಿನಿಂದಲೇ ಏನೂ ತೋರಿಸದಿದ್ದರೆ ಒಳಗೆ ಒಣಗಿದೆ. ಸೊನ್ನೆಯಲ್ಲೇ ನಿಂತರೆ ಶಾರ್ಟ್ ಆಗಿದೆ.

ನಾಲ್ಕು ಡಯೋಡ್‌ಗಳೂ ಸರಿಯಾಗಿದ್ದವು. ಕೆಪಾಸಿಟರ್ ಇಟ್ಟಾಗ ಮೀಟರ್ ಅಲುಗಲೇ ಇಲ್ಲ. ಹೊರಗೆ ಲಕ್ಷಣವಾಗಿ ಹೊಸದರ ಹಾಗೆ ಕಾಣುತ್ತಿದ್ದುದು ಒಳಗೆ ಪೂರ್ತಿ ಸತ್ತಿತ್ತು.

ಬ್ಯಾಟರಿ ಯಾಕೆ ಸತ್ತಿತು?

ಈಗ ಆ ತಾಯಿಯ ಮಾತಿಗೆ ಬರೋಣ. ತೊಟ್ಟಿಯೇ ಇಲ್ಲವಾದಾಗ ಕರೆಂಟು ಸೆಕೆಂಡಿಗೆ 100 ಸಲ ಏರಿ, 100 ಸಲ ಸೊನ್ನೆಗೆ ಇಳಿಯುತ್ತದೆ. ಮೀಟರ್ ತೋರಿಸಿದ 7 ವೋಲ್ಟ್ ಆ ಏರಿಳಿತದ ಸರಾಸರಿ. ಪ್ರತಿ ಸಲ ಇಳಿದಾಗಲೂ ಕಾವಲುಗಾರ ಟ್ರಾನ್ಸಿಸ್ಟರ್ "ಕರೆಂಟ್ ಹೋಯಿತು" ಎಂದು ತಿಳಿದು ದೀಪ ಹತ್ತಿಸುತ್ತದೆ, ಏರಿದಾಗ ಆರಿಸುತ್ತದೆ. ನಮ್ಮ ಕಣ್ಣಿಗೆ ಅದು ಮಂಕಾಗಿ ಒಂದೇ ಸಮನೆ ಉರಿದ ಹಾಗೆ ಕಾಣುತ್ತದೆ. ಅದೇ ಆ ಮಿಣಮಿಣ!

ಅಂದರೆ ಪ್ಲಗ್ ಹಾಕಿದ್ದರೂ ಬ್ಯಾಟರಿ ಹಗಲೂ ರಾತ್ರಿ ಖಾಲಿಯಾಗುತ್ತಲೇ ಇತ್ತು. ತುಂಬುವುದು ಮಾತ್ರ ಅಲೆಯ ತುದಿಯಲ್ಲಿ ಚೂರು ಚೂರು. ಸೀಸದ ಬ್ಯಾಟರಿಯನ್ನು ಬಹಳ ದಿನ ಅರೆಹೊಟ್ಟೆಯಲ್ಲಿ ಇಟ್ಟರೆ ಅದರ ಪ್ಲೇಟುಗಳ ಮೇಲೆ ಗಟ್ಟಿ ಹರಳು ಕಟ್ಟಿ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಡಿಯುವುದಿಲ್ಲ. ಎರಡು ಬ್ಯಾಟರಿಯೂ ಸತ್ತಿದ್ದು ಹೀಗೆ. ಮೂರನೆಯದು ಹಾಕಿದ್ದರೆ ಅದೂ ಸಾಯುತ್ತಿತ್ತು.

ಐದನೆಯ ಹಂತ: ಇದು ಯಾಕೆ ಕೆಟ್ಟಿತು ಎಂದು ಕೇಳಿ

ಕೆಟ್ಟ ಭಾಗ ಸಿಕ್ಕಿತು ಎಂದು ಕೂಡಲೇ ಹೊಸದು ಹಾಕಿ ಕೈ ತೊಳೆದುಕೊಳ್ಳಬಾರದು. ಕಾರಣ ಹಾಗೇ ಉಳಿದರೆ ಹೊಸದೂ ಕೆಡುತ್ತದೆ.

ಇಲ್ಲಿ ಎರಡು ಕಾರಣ ಇದ್ದವು. ಒಂದು, ಆ ಕೆಪಾಸಿಟರ್ ಹೊಸದಲ್ಲ. ನಾಲ್ಕು ಕಾಸು ಉಳಿಯಲಿ ಎಂದು ಹುಡುಗಿ ಹಳೆಯ ಟೇಪ್ ರೆಕಾರ್ಡರ್ ಬೋರ್ಡಿನಿಂದ ಕಿತ್ತು ಹಾಕಿದ್ದಳು. ಎರಡು, ಅದನ್ನು ರೆಗ್ಯುಲೇಟರ್‌ಗೆ ಅಂಟಿಕೊಂಡ ಹಾಗೆ ಕೂರಿಸಿದ್ದಳು. ರೆಗ್ಯುಲೇಟರ್ 11 ವೋಲ್ಟನ್ನು 7.5ಕ್ಕೆ ಇಳಿಸುವಾಗ ಉಳಿದದ್ದನ್ನು ಕಾವಾಗಿ ಹೊರಹಾಕುತ್ತದೆ. ಅದಕ್ಕೆ ಅಲ್ಯೂಮಿನಿಯಂ ತಗಡೂ ಇರಲಿಲ್ಲ.

ಈ ಬಗೆಯ ಕೆಪಾಸಿಟರ್ ಒಳಗೆ ದ್ರವದಲ್ಲಿ ನೆನೆದ ಕಾಗದ ಇರುತ್ತದೆ. ಕಾವಿಗೆ ಅದು ಒಣಗುತ್ತದೆ. ಕಾವು 10 ಡಿಗ್ರಿ ಹೆಚ್ಚಾದರೆ ಆಯಸ್ಸು ಅರ್ಧ ಆಗುತ್ತದೆ ಎಂಬುದು ಕಸುಬಿನವರ ಲೆಕ್ಕ. 85 ಡಿಗ್ರಿಯಲ್ಲಿ 2000 ಗಂಟೆ ಬಾಳುವುದು 75 ಡಿಗ್ರಿಯಲ್ಲಿ 4000, 65 ಡಿಗ್ರಿಯಲ್ಲಿ 8000 ಗಂಟೆ ಬಾಳುತ್ತದೆ. ದಿನಕ್ಕೆ 24 ಗಂಟೆ ಪ್ಲಗ್‌ನಲ್ಲೇ ಇದ್ದರೆ 8000 ಗಂಟೆ ಎಂದರೆ ಹನ್ನೊಂದು ತಿಂಗಳು ಮಾತ್ರ. ಮೊದಲೇ ಅರ್ಧ ಆಯಸ್ಸು ಸವೆಸಿದ್ದಕ್ಕೆ ಅಷ್ಟೂ ಇಲ್ಲ.

ದೊಡ್ಡ ಕಾರ್ಖಾನೆಗಳೂ ಇದರಿಂದ ಪೆಟ್ಟು ತಿಂದಿವೆ. 2000ದ ನಂತರದ ಕೆಲವು ವರ್ಷಗಳಲ್ಲಿ ಒಳಗಿನ ದ್ರವ ಸರಿಯಿಲ್ಲದ ಕೆಪಾಸಿಟರ್‌ಗಳು ಉಬ್ಬಿ ಒಡೆದು, ಜಗತ್ತಿನಾದ್ಯಂತ ಬಹಳಷ್ಟು ಕಂಪ್ಯೂಟರ್ ಬೋರ್ಡುಗಳು ಕೆಟ್ಟವು. ಹಾಗಾಗಿ ನಮ್ಮ ಹುಡುಗಿ ನಾಚಿಕೊಳ್ಳಬೇಕಾದ್ದು ಏನೂ ಇರಲಿಲ್ಲ.

ಹಾಸನದಿಂದ 105 ಡಿಗ್ರಿ ತಾಳುವ ಹೊಸ ಕೆಪಾಸಿಟರ್ ತರಿಸಿದೆವು. ಅಲ್ಲಿ ಸಿಗದ ಸಾಮಾನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಪ್ಲಸ್ ಮೈನಸ್ ನೋಡಿ, ರೆಗ್ಯುಲೇಟರ್‌ನಿಂದ ಎರಡು ಬೆರಳು ದೂರ ಕೂರಿಸಿದಳು. ರೆಗ್ಯುಲೇಟರ್‌ಗೆ ತಗಡು ಕಟ್ಟಿದಳು. ಪ್ಲಗ್ ಹಾಕಿದಾಗ ಮೀಟರ್ 12 ತೋರಿಸಿತು. ಮಿಣಮಿಣ ನಿಂತಿತು. ಬ್ಯಾಟರಿ ಮಾತ್ರ ಮತ್ತೆ ಹೊಸದು ಹಾಕಲೇಬೇಕಾಯಿತು. ಆ ಹಣವನ್ನು ಸಾಲ ಮಾಡದೆ, ಸದಸ್ಯರೆಲ್ಲ ಸೇರಿ ಹಾಕಿದರು. ತಪ್ಪು ಸಲಹೆ ಕೊಟ್ಟವಳು ನಾನಾದ್ದರಿಂದ ನನ್ನ ಪಾಲೂ ಅದರಲ್ಲಿ ಸೇರಿತು.

ನೆನಪಿಡಿ

1. ಒಂದು ಸಲಕ್ಕೆ ಒಂದೇ ಭಾಗ ಬದಲಾಯಿಸಿ. ಮೂರು ಒಟ್ಟಿಗೆ ಬದಲಾಯಿಸಿದರೆ ಕೆಟ್ಟದ್ದು ಯಾವುದೆಂದು ತಿಳಿಯುವುದೇ ಇಲ್ಲ.

2. ಅಳೆದ ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಡಿ. ಬೋರ್ಡು ಸರಿಯಾಗಿರುವಾಗಲೇ ಬರೆದಿಟ್ಟರೆ ಕೆಟ್ಟಾಗ ಹೋಲಿಸಲು ಸುಲಭ.

3. ಸಾಮಾನ್ಯ ಸಾಲ್ಡರ್ ತಂತಿಯಲ್ಲಿ ಸೀಸ ಇರುತ್ತದೆ. ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಕಿಟಕಿ ತೆರೆದಿರಲಿ. ಗರ್ಭಿಣಿಯರು, ಚಿಕ್ಕ ಮಕ್ಕಳು ಹತ್ತಿರ ಬೇಡ.

4. ಸತ್ತ ಬ್ಯಾಟರಿಯನ್ನು ತಿಪ್ಪೆಗೆ, ಕೆರೆಗೆ ಎಸೆಯಬೇಡಿ. ಅಂಗಡಿಗೇ ಹಿಂದಿರುಗಿಸಿ. ಬ್ಯಾಟರಿ ತ್ಯಾಜ್ಯಕ್ಕೂ, ಇ-ತ್ಯಾಜ್ಯಕ್ಕೂ 2022ರಲ್ಲಿ ಕೇಂದ್ರ ಸರ್ಕಾರ ಹೊಸ ನಿಯಮಗಳನ್ನು ಮಾಡಿದೆ. ಬೋರ್ಡನ್ನು ಸುಟ್ಟು ತಾಮ್ರ ತೆಗೆಯುವುದಂತೂ ಬೇಡವೇ ಬೇಡ, ಆ ಹೊಗೆ ವಿಷ.

ಕೊನೆಯ ಮಾತು

ಸಮಾಜಕಾರ್ಯದಲ್ಲಿ ನಮಗೆ ಕಲಿಸುತ್ತಾರೆ: ಎದುರಿಗೆ ಕಾಣುವ ಸಮಸ್ಯೆ ಬೇರೆ, ಅದರ ಬೇರು ಬೇರೆ. ಶಾಲೆ ಬಿಟ್ಟ ಮಗುವನ್ನು ಬಯ್ಯುವ ಮೊದಲು ಮನೆಗೆ ಹೋಗಿ ನೋಡಿ ಎನ್ನುತ್ತೇವೆ. ಇಪ್ಪತ್ತೈದು ವರ್ಷ ಇದನ್ನೇ ಹೇಳಿಕೊಂಡು ಬಂದ ನಾನು ಒಂದು ದೀಪದ ವಿಷಯದಲ್ಲಿ ಮರೆತೆ. ಬ್ಯಾಟರಿಯನ್ನು ದೂರಿದೆ, ಊರು ಹುಡುಗಿಯನ್ನು ದೂರಿತು. ನಿಜ ಹೇಳಿದವರು ಆ ತಾಯಿ ಒಬ್ಬರೇ.

ಬೇಲೂರಿನ ದೇವಾಲಯಕ್ಕೆ ಹೋದವರು ಮದನಿಕೆಯರ ವಿಗ್ರಹಗಳನ್ನು ನೋಡಿರುತ್ತೀರಿ. ಅಲ್ಲಿ ಕೆಲವು ವಿಗ್ರಹಗಳ ಕೆಳಗೆ ಕೆತ್ತಿದ ಶಿಲ್ಪಿಯ ಹೆಸರೂ ಇದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಹೀಗೆ. ಒಂಬತ್ತು ಶತಮಾನದ ಹಿಂದೆಯೇ ನಮ್ಮ ನೆಲದ ಕಸುಬುದಾರರು ತಮ್ಮ ಕೆಲಸಕ್ಕೆ ತಮ್ಮ ಹೆಸರು ಹಾಕಿದ್ದರು. ನಮ್ಮ ಹುಡುಗಿಗೂ ಇದನ್ನೇ ಹೇಳಿದೆ. ಈಗ ಅವಳು ಮಾಡುವ ಪ್ರತಿ ಬೋರ್ಡಿನ ಹಿಂದೆ ಮಾರ್ಕರ್ ಪೆನ್ನಿನಿಂದ ತನ್ನ ಹೆಸರು, ಮಾಡಿದ ತಾರೀಖು, ನಾಲ್ಕು ಕಡೆಯ ವೋಲ್ಟ್ ಬರೆದಿರುತ್ತಾಳೆ. ಕೆಟ್ಟರೆ ಯಾರ ಹತ್ತಿರ ತರಬೇಕು ಎಂದು ಗೊತ್ತಾಗಲಿ ಎಂದು.

ಆ ಮಗು ಪರೀಕ್ಷೆ ಬರೆದು ಪಾಸಾಯಿತು. ದೀಪ ಈಗಲೂ ಉರಿಯುತ್ತಿದೆ. ನಿಮ್ಮ ಮನೆಯಲ್ಲೂ ಮೂಲೆ ಸೇರಿದ ದೀಪವೋ, ರೇಡಿಯೋವೋ ಇದ್ದರೆ ಗುಜರಿಗೆ ಹಾಕುವ ಮೊದಲು ಒಮ್ಮೆ ಹೊರಗೆ ತೆಗೆಯಿರಿ. ನಿಮ್ಮ ಊರಿನ ಯಾವುದಾದರೂ ಹುಡುಗನನ್ನೋ ಹುಡುಗಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಮೊದಲು ಕೇಳಿ, ಆಮೇಲೆ ನೋಡಿ, ಆಮೇಲೆ ಅಳೆಯಿರಿ.